ಗಂಧಕದ ಲೆಕ್ಕ, ಪೊರೆಯ ಲೆಕ್ಕ

ಮಲಾಡ್ ಪಶ್ಚಿಮ, ಮುಂಬಯಿ

ಪ್ರೀತಿಯ ಸೊಸೆಗೆ,

ಧಾರವಾಡದಿಂದ ನೀನು ಕಳಿಸಿದ ಮೆಸೇಜು ಓದಿದೆ. ಸರಪಳಿಗಳ ನಡುವೆ ಅಡ್ಡಕೊಂಡಿ ಹಾಕದಿದ್ದರೆ ಇಂಧನಕೋಶಕ್ಕೆಂದು ಮಾಡುತ್ತಿರುವ ಪಿವಿಎ (ಪಾಲಿವಿನೈಲ್ ಆಲ್ಕೊಹಾಲ್) ಪೊರೆ ಬಿಸಿನೀರಲ್ಲಿ ಲೋಳೆಯಾಗುತ್ತದೆ, ಹಾಕಿದರೆ ಒಣಗಿ ಹಪ್ಪಳದಂತೆ ಮುರಿಯುತ್ತದೆ ಎಂದು ಬರೆದಿದ್ದೀಯಲ್ಲ, ಇಲ್ಲಿಯ ರಬ್ಬರ್ ಗಾಳಾದಲ್ಲಿ, ಅಂದರೆ ಸಣ್ಣ ಕಾರ್ಖಾನೆಯಲ್ಲಿ, ವಯಸ್ಸು ಸವೆಸಿದವನಿಗೆ ಅದು ಹೊಸ ಸಂಕಟವಲ್ಲ, ಮಾರಾಯ್ತಿ.

ಹಸಿ ರಬ್ಬರು ಬಿಸಿಲಿಗೆ ಅಂಟು, ಚಳಿಗೆ ಬಿರುಸು. 1839ರಲ್ಲಿ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿದಾಗ ರಬ್ಬರಿನ ಅಣುಸರಪಳಿಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡವು. ನೂರು ಪಾಲು ರಬ್ಬರಿಗೆ ಎರಡು ಮೂರು ಪಾಲು ಗಂಧಕವಾದರೆ ಎಳೆದಂತೆ ಬರುವ ಗ್ಯಾಸ್ಕೆಟ್ಟು. ಮೂವತ್ತು ದಾಟಿದರೆ ಎಬೊನೈಟು, ಬಗ್ಗಿಸಿದರೆ ಮುರಿಯುತ್ತದೆ. ನಿನ್ನ ಇಂಧನಕೋಶದ ಬೇರೂ ಅಲ್ಲೇ: ಅದೇ 1839ರಲ್ಲಿ ವಿಲಿಯಂ ಗ್ರೋವ್ ಜಲಜನಕ, ಆಮ್ಲಜನಕಗಳಿಂದ ವಿದ್ಯುತ್ತು ಹುಟ್ಟುವುದನ್ನು ಬರೆದು ಪ್ರಕಟಿಸಿದ್ದ. ಇಂಧನಕೋಶಕ್ಕೆ ಪ್ರೋಟಾನು ದಾಟಿಸುವ ಪಾಲಿಮರ್ ಹಾಳೆ ಬರಲು ಮಾತ್ರ 1955ರವರೆಗೆ ಕಾಯಬೇಕಾಯಿತು; ಜನರಲ್ ಎಲೆಕ್ಟ್ರಿಕ್‌ನ ಥಾಮಸ್ ಗ್ರಬ್ ಸಲ್ಫೋನಿಕ್ ಆಮ್ಲದ ಗುಂಪು ಸೇರಿಸಿದ ಪಾಲಿಸ್ಟೈರೀನ್ ಹಾಳೆಯನ್ನು ಬಳಸಿದರು. ಅಂಥ ಕೋಶ 1965ರ ಆಗಸ್ಟಿನಲ್ಲಿ ಜೆಮಿನಿ 5ರ ಜೊತೆ ಬಾಹ್ಯಾಕಾಶಕ್ಕೂ ಹೋಯಿತು. ಆದರೆ ಕೋಶದೊಳಗೆ ಹುಟ್ಟುವ ಉಗ್ರ ಆಮ್ಲಜನಕ ಕಣಗಳು ಪಾಲಿಸ್ಟೈರೀನನ್ನು ತಿಂದುಹಾಕುತ್ತಿದ್ದವು. ಡ್ಯೂಪಾಂಟಿನವರ ನೇಫಿಯಾನ್ ಪೊರೆ ಗೆದ್ದದ್ದು ಅಲ್ಲಿ. ಅದರ ಬೆನ್ನೆಲುಬು ಫ್ಲೋರಿನ್ ಹೊದ್ದ ಇಂಗಾಲ, ಸುಲಭಕ್ಕೆ ಜಗ್ಗುವುದಿಲ್ಲ.

ಹಾಗಾದರೆ ನಿನ್ನ ಪಿವಿಎ ಯಾಕೆ? ನೇಫಿಯಾನ್ ತುಟ್ಟಿ, ಎಂಬತ್ತು ಡಿಗ್ರಿ ದಾಟಿದರೆ ಒಣಗಿ ಪ್ರೋಟಾನು ಸಾಗಿಸುವ ಶಕ್ತಿ ಕಳೆದುಕೊಳ್ಳುತ್ತದೆ, ಮೆಥನಾಲ್ ಇಂಧನವಾದರೆ ಅದನ್ನು ಸೋರಲು ಬಿಡುತ್ತದೆ. 2023ರಲ್ಲಿ ಯುರೋಪಿನ ರಾಸಾಯನಿಕ ಸಂಸ್ಥೆ ಫ್ಲೋರಿನ್ ಸಂಯುಕ್ತಗಳ ದೊಡ್ಡ ಕುಟುಂಬಕ್ಕೇ ಕಡಿವಾಣ ಹಾಕುವ ಪ್ರಸ್ತಾಪ ಹೊರಡಿಸಿದ ಮೇಲೆ ಬೇರೆ ಪೊರೆ ಹುಡುಕುವುದಕ್ಕೆ ಇನ್ನೊಂದು ಕಾರಣ ಸಿಕ್ಕಿದೆ. ನಿನ್ನ ಊರಲ್ಲೇ ಈ ವಿದ್ಯೆಗೆ ಹಿರಿಯರಿದ್ದಾರೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದ ತೇಜರಾಜ್ ಅಮ್ಮಿನಭಾವಿಯವರು ಕೈಟೋಸಾನ್, ಪಿವಿಎಗಳಿಗೆ ಕೊಂಡಿ ಹಾಕಿ ಆಲ್ಕೊಹಾಲಿನಿಂದ ನೀರು ಬೇರ್ಪಡಿಸುವ ಪೊರೆಗಳನ್ನು ಮಾಡಿದರು. ಮಹಾದೇವಪ್ಪ ಕರಿದುರಗನವರ ಮತ್ತು ಜೊತೆಗಾರರು 2006ರಲ್ಲಿ ಬರೆದ ಅಯಾನು ವಿನಿಮಯ ಪೊರೆಗಳ ವಿಮರ್ಶೆಯಲ್ಲಿ ಇಂಧನಕೋಶದ ಭಾಗವೂ ಇದೆ. ಗ್ರಂಥಾಲಯದಲ್ಲಿ ಅದನ್ನು ತೆಗೆದು ಓದು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಕೊಂಡಿ ಎಷ್ಟು ಎಂದು ಕೇಳುತ್ತಿದ್ದೀಯ. ಯಾವ ಕೊಂಡಿ ಎಂದು ಮೊದಲು ಕೇಳು. ನೈಸರ್ಗಿಕ ರಬ್ಬರನ್ನು ಬಿಸಿ ಪ್ರೆಸ್ಸಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಅದು ಗಟ್ಟಿಯಾಗುವ ಬದಲು ಮತ್ತೆ ಮೆತ್ತಗಾಗುತ್ತದೆ. ನಾಲ್ಕೈದು ಗಂಧಕದ ಪರಮಾಣುಗಳ ಉದ್ದನೆಯ ಕೊಂಡಿಗಳು ಶಾಖಕ್ಕೆ ಕಳಚಿಕೊಳ್ಳುತ್ತವೆ. ನೀನು ಹಾಕುತ್ತಿರುವ ಸಲ್ಫೋಸಕ್ಸಿನಿಕ್ ಆಮ್ಲ ಜಾಣ ವಸ್ತು: ಕೊಂಡಿಯೂ ಅದೇ, ಪ್ರೋಟಾನು ದಾಟಿಸುವ ಆಮ್ಲದ ಗುಂಪೂ ಅದೇ. ಆದರೆ ಆ ಕೊಂಡಿ ಎಸ್ಟರು. ನೀರು ಬಿಟ್ಟು ಕೂಡಿದ್ದು, ಬಿಸಿ ಆಮ್ಲೀಯ ನೀರು ಸಿಕ್ಕರೆ ನೀರು ಪಡೆದು ಬಿಡಿಸಿಕೊಳ್ಳುತ್ತದೆ. ಇಂಧನಕೋಶದ ಒಳಗೆ ಇರುವುದು ಬಿಸಿ ಆಮ್ಲೀಯ ನೀರೇ! ಇನ್ನೊಂದು ಕೊಂಡಿವಸ್ತು ಗ್ಲುಟರಾಲ್ಡಿಹೈಡನ್ನು ಹಾಕಿದರೆ ಅದರ ಕೊಂಡಿಗೂ ಆಮ್ಲದ ಭಯ ಇದ್ದೇ ಇದೆ. (ಆ ಬಾಟಲಿಯನ್ನು ಫ್ಯೂಮ್ ಹುಡ್ ಒಳಗೇ ತೆರೆ, ಕೈಗವಸು ಹಾಕು. ಅಮ್ಮನಿಗೆ ಹೇಳಿ ಹೆದರಿಸಬೇಡ.)

ಅದಕ್ಕೇ ವಾಹಕತೆಯ ಗ್ರಾಫನ್ನು ಮೊದಲ ದಿನವೇ ಚಂದ ಮಾಡಿ ತೋರಿಸುವವರ ಮೇಲೆ ನನಗೆ ನಂಬಿಕೆ ಅಷ್ಟಕ್ಕಷ್ಟೇ. ಪೊರೆಯ ನಿಜವಾದ ಪರೀಕ್ಷೆ ರಸ್ತೆಯಲ್ಲಿ. ಪುಣೆಯಲ್ಲಿ ಕೆಪಿಐಟಿ ಕಂಪನಿ ಮತ್ತು ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ರೂಪಿಸಿದ ಇಂಧನಕೋಶದ ಬಸ್ಸು 2022ರ ಆಗಸ್ಟಿನಲ್ಲಿ ಹೊರಬಂತು. ಅಂಥ ಬಸ್ಸು ನಮ್ಮ ಎಸ್.ವಿ. ರೋಡಿನ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೋಗುತ್ತದೆ ಅಂದುಕೋ: ಪ್ರತಿ ಸಲ ನೀರು ಕುಡಿದು ಉಬ್ಬಿ, ಒಣಗಿ ಕುಗ್ಗುವುದು ಪೊರೆಯೇ. ಬಿರುಕು ಬಿಡುವುದು ಅಲ್ಲಿ. ಇಲ್ಲೇ ಹತ್ತಿರದ ಅಂಬರನಾಥದ ನೌಕಾ ವಸ್ತು ಸಂಶೋಧನಾಲಯದವರು ಜಲಾಂತರ್ಗಾಮಿಗೆ ಮಾಡಿದ್ದು ಫಾಸ್ಫಾರಿಕ್ ಆಮ್ಲದ ಕೋಶ. ಅದರಲ್ಲಿ ನಿನ್ನಂಥ ಪೊರೆಯಿಲ್ಲ, ಈ ಜಂಜಾಟವೂ ಇಲ್ಲ.

ಗಾಳಾದಲ್ಲಿ ನಾವು ರಬ್ಬರಿನ ತುಂಡನ್ನು ತೂಗಿ, ಟೊಲುಯೀನಿನಲ್ಲಿ ನೆನೆಸಿ, ಮತ್ತೆ ತೂಗಿ ಕೊಂಡಿಗಳನ್ನು ಅಂದಾಜು ಮಾಡುತ್ತಿದ್ದೆವು. ನೀನು ಎಂಬತ್ತು ಡಿಗ್ರಿ ನೀರಿನಲ್ಲಿ ಅದನ್ನೇ ಮಾಡು: ಒಣ ತೂಕ, ನೆನೆದ ತೂಕ, ಮತ್ತೆ ಒಣಗಿಸಿದ ತೂಕ. ಮೊದಲ ಒಣ ತೂಕಕ್ಕೂ ಕೊನೆಯದಕ್ಕೂ ಇರುವ ವ್ಯತ್ಯಾಸ ಕೊಂಡಿಗೆ ಸಿಗದೆ ಕರಗಿಹೋದ ಭಾಗ. ಒಂದು ದಿನಕ್ಕೆ ನಿಲ್ಲಿಸಬೇಡ, ವಾರಗಟ್ಟಲೆ ನಡೆಸು. ದಿನ ಕಳೆದಂತೆ ತೂಕ ಇಳಿಯುತ್ತಲೇ ಇದ್ದರೆ ಕೊಂಡಿಗಳೇ ಬಿಚ್ಚುತ್ತಿವೆ. ಕೊಂಡಿ ಕಡಿಮೆಯಿರುವ ಹಾಳೆಯನ್ನೂ ಹೆಚ್ಚಿರುವುದನ್ನೂ ಹೋಲಿಕೆಗೆ ಒಟ್ಟಿಗೆ ಹಾಕು.

ತೂಕಗಳ ಪಟ್ಟಿ ಬಂದ ಮೇಲೆ ನನಗೊಂದು ಫೋಟೊ ಹೊಡೆದು ಕಳಿಸು. ಅತ್ತೆ ಕನ್ನಡಕ ಕೊಟ್ಟ ಮೇಲೆ ಕೂತು ನೋಡುತ್ತೇನೆ.

ನಿನ್ನ ಮಾವ