ಕಾರ್ಡ್ ಟೆಸ್ಟ್: ಹನಿಯ ಲೆಕ್ಕ, ಗಡಿಯಾರದ ಲೆಕ್ಕ

ಚಳಿಜ್ವರ ಬಂದಾಗ ಮಲೇರಿಯಾ ಇದೆಯೇ, ಮುಟ್ಟು ನಿಂತಾಗ ಗರ್ಭ ನಿಂತಿದೆಯೇ ಎಂದು ತಿಳಿಯಲು ಕಾರ್ಡ್ ಟೆಸ್ಟ್ ಮಾಡುತ್ತಾರೆ. 2020ರಲ್ಲಿ ಕೋವಿಡ್ ಪತ್ತೆಗೂ ಇಂಥ ಕಾರ್ಡ್ ಬಂದವು.

ಕಾರ್ಡಿನೊಳಗೆ ಕಾಗದದಂಥ ತೆಳುವಾದ ಪಟ್ಟಿ ಇರುತ್ತದೆ. ದೀಪದ ಬತ್ತಿ ಎಣ್ಣೆ ಹೀರುವಂತೆ ಅದು ದ್ರವವನ್ನು ತಾನೇ ಎಳೆದುಕೊಳ್ಳುತ್ತದೆ. ದಾರಿಯಲ್ಲಿ ಬಣ್ಣದ ಕಣಗಳು ಸೇರಿಕೊಳ್ಳುತ್ತವೆ. ಹುಡುಕುತ್ತಿರುವ ಅಂಶವಿದ್ದರೆ 'ಟಿ' ಬಳಿ ಗೆರೆ ಮೂಡುತ್ತದೆ. 'ಸಿ' ಗೆರೆಯು ದ್ರವ ಅಲ್ಲಿಯವರೆಗೆ ಹರಿದಿದೆ ಎಂಬುದರ ಗುರುತು.

ಗುಂಡ್ಲುಪೇಟೆ ಕಡೆ ಅರಿಸಿನಕ್ಕೆ ನೀರು ಕಟ್ಟುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ನೀರು ನುಗ್ಗಿದರೆ ಬದು ಒಡೆಯುತ್ತದೆ, ಸಾಲದಿದ್ದರೆ ಸಾಲಿನ ಕೊನೆ ಮುಟ್ಟುವುದಿಲ್ಲ. ಇಲ್ಲಿಯೂ ಹಾಗೆಯೇ.

ಆದ್ದರಿಂದ ನೆನಪಿಡಿ:

1. ಪೊಟ್ಟಣವನ್ನು ಬಳಸುವ ಹೊತ್ತಿಗೆ ಒಡೆಯಿರಿ. ತೇವ ತಗುಲಿದರೆ ಪಟ್ಟಿ ಕೆಡುತ್ತದೆ.
2. ಕಾರ್ಡನ್ನು ಸಮತಟ್ಟಾದ ಜಾಗದಲ್ಲಿಡಿ.
3. ಕಿಟ್‌ನಲ್ಲಿ ಬರೆದಷ್ಟೇ ಹನಿ ಹಾಕಿ. ಮಲೇರಿಯಾ ಕಾರ್ಡಿನಲ್ಲಿ ಬಫರ್ ದ್ರವ ಕಡಿಮೆಯಾದರೆ ರಕ್ತದ ಕೆಂಪು ಪಟ್ಟಿಯಲ್ಲೇ ಉಳಿದು ಗೆರೆಯನ್ನು ಮರೆಮಾಡುತ್ತದೆ.
4. ಹೇಳಿದ ನಿಮಿಷಕ್ಕೇ ನೋಡಿ. ಬೇಗ ನೋಡಿದರೆ ಗೆರೆ ಮೂಡಿರುವುದಿಲ್ಲ. ಒಣಗಿದ ಮೇಲೆ ಸುಳ್ಳು ಗೆರೆ ಕಾಣಬಹುದು.
5. 'ಸಿ' ಗೆರೆ ಬಾರದಿದ್ದರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ. ಹೊಸ ಕಾರ್ಡಿನಲ್ಲಿ ಮತ್ತೆ ಮಾಡಬೇಕು.

ಪರಸ್ಥಳದಲ್ಲಿ ಕೂಲಿ ಮಾಡಿ ಬಂದವರಿಗೆ ಚಳಿಜ್ವರ ಬಂದು, ಕಾರ್ಡಿನಲ್ಲಿ 'ಇಲ್ಲ' ಎಂದು ಬಂದರೂ ಜ್ವರ ಬಿಡದಿದ್ದರೆ ಮನೆಯಲ್ಲಿ ಕಾಯಬೇಡಿ. ಫಾಲ್ಸಿಪ್ಯಾರಂ ಮಲೇರಿಯಾದಲ್ಲಿ ತಡವಾದರೆ ಪ್ರಾಣಕ್ಕೇ ಅಪಾಯ. ವೈದ್ಯರನ್ನು ಕಂಡು ಸೂಕ್ಷ್ಮದರ್ಶಕದಲ್ಲಿ ರಕ್ತಪರೀಕ್ಷೆ ಮಾಡಿಸಿ. ಮನೆಯಲ್ಲಿ ಗರ್ಭ ಪರೀಕ್ಷೆ ಮಾಡಿಕೊಂಡವರು ಸಂಶಯವಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಕೇಳಲು ಸಂಕೋಚ ಬೇಡ.