ಮೀಟದ ತಂತಿಯ ನಾದ

ನಮ್ಮ ಕಾಲೇಜಿನ ವಿದ್ಯಾರ್ಥಿನಿಲಯದಲ್ಲಿ ಒಂದು ಸಂಜೆ ಇಬ್ಬರು ವಿದ್ಯಾರ್ಥಿಗಳ ನಡುವೆ ವಾದ ಹತ್ತಿಕೊಂಡಿತ್ತು. ವಿಷಯ, ಇಂಗ್ಲೆಂಡಿನ ಬೀಟಲ್ಸ್ ತಂಡದವರು 1964ರಲ್ಲಿ ಹಾಡಿದ ‘ಎ ಹಾರ್ಡ್ ಡೇಸ್ ನೈಟ್’ ಎಂಬ ಹಾಡಿನ ಮೊಟ್ಟಮೊದಲ ಝೇಂಕಾರ. ಮಾತು ತೊಡಗುವ ಮುನ್ನ ವಾದ್ಯಗಳು ಒಮ್ಮೆಲೇ ಮೊಳಗಿ ಕೆಲವೇ ಸೆಕೆಂಡುಗಳಲ್ಲಿ ಅಡಗುತ್ತವೆ, ಅಷ್ಟೆ. ಹೀಗೆ ಹಲವು ಸ್ವರಗಳು ಏಕಕಾಲದಲ್ಲಿ ನುಡಿಯುವ ಪುಂಜಕ್ಕೆ ಪಾಶ್ಚಾತ್ಯ ಸಂಗೀತದಲ್ಲಿ ಕಾರ್ಡ್ ಎಂದು ಹೆಸರು. ಅದು ‘ಎಫ್’ ಜಾತಿಯ ಕಾರ್ಡ್ ಎಂದು ಒಬ್ಬನ ಹಟ. ಅಲ್ಲ, ‘ಡಿ ಮೈನರ್’ ಜಾತಿಯದು ಎಂದು ಇನ್ನೊಬ್ಬನದು. ತೀರ್ಪಿಗಾಗಿ ಇಬ್ಬರೂ ಗಿಟಾರಿನೊಡನೆ ನಮ್ಮ ಕೋಣೆಗೆ ಬಂದರು.

ಹಾಡನ್ನು ಕೇಳಿ ಕಾರ್ಡ್ ಬರೆಯಹೊರಟವನು ಮೊದಲು ಹಿಡಿಯಬೇಕಾದುದು ತಳದ ಸ್ವರವನ್ನು. ಎಫ್, ಎ, ಸಿ, ಡಿ ಎಂಬ ನಾಲ್ಕು ಸ್ವರಗಳನ್ನೇ ತೆಗೆದುಕೊಳ್ಳೋಣ. ತಳದಲ್ಲಿ ಎಫ್ ಇದ್ದರೆ ವಾದಕರು ಅದನ್ನು ‘ಎಫ್ ಸಿಕ್ಸ್ತ್’ ಎನ್ನುವರು. ಡಿ ಇದ್ದರೆ ಅದೇ ‘ಡಿ ಮೈನರ್ ಸೆವೆಂತ್’ ಆಗುವುದು. ಸ್ವರಗಳು ಅವೇ, ಹೆಸರು ಬೇರೆ. ಆದುದರಿಂದ ತಳದ ಸ್ವರವನ್ನು ಬಾಯಿಮುಚ್ಚಿ ಗುನುಗಿಕೊಂಡು, ಗಿಟಾರಿನ ದಪ್ಪ ತಂತಿಯ ಮೇಲೆ ಒಂದೊಂದೇ ಮೆಟ್ಟಿಲನ್ನು ಒತ್ತುತ್ತ, ಎರಡೂ ನಾದಗಳು ಬೆರೆತು ಒಂದಾಗುವ ಸ್ಥಾನವನ್ನು ಹುಡುಕಬೇಕು. ಇಷ್ಟಕ್ಕೆ ಅಭ್ಯಾಸ ಸಾಕು, ಶಾಸ್ತ್ರ ಬೇಕಿಲ್ಲ.

ತೊಡಕು ಇರುವುದು ಮೇಲಿನ ಸ್ವರಗಳಲ್ಲಿ. ತಂತಿಯು ಎಂದೂ ಒಂದೇ ಆವೃತ್ತಿಯಲ್ಲಿ ಕಂಪಿಸುವುದಿಲ್ಲ. ಗಿಟಾರಿನ ಐದನೆಯ ತಂತಿಯಾದ ‘ಎ’ ಸೆಕೆಂಡಿಗೆ 110 ಸಲ ಕಂಪಿಸುವಾಗ, ಅದರ ಎರಡು, ಮೂರು, ನಾಲ್ಕು, ಐದರಷ್ಟು, ಎಂದರೆ 220, 330, 440, 550 ಆವೃತ್ತಿಯ ಉಪಸ್ವರಗಳೂ ಜೊತೆಯಲ್ಲಿ ಹೊರಡುತ್ತವೆ. ಇವುಗಳಲ್ಲಿ 330ನ್ನು ನೋಡಿರಿ. ಗಿಟಾರಿನ ಅತಿ ತೆಳುವಾದ ತಂತಿ ‘ಇ’. ಅದರ ಆವೃತ್ತಿ 329.6. ಹೀಗಿರುವಾಗ ನಮಗೆ ಕೇಳಿಬಂದದ್ದು ತೆಳು ತಂತಿಯನ್ನು ಮೀಟಿದ ನಾದವೋ, ದಪ್ಪ ತಂತಿಯ ಮೂರನೆಯ ಪಾಲೋ?

ಹಿಂದೊಮ್ಮೆ ನಾವೇ ಇಲ್ಲಿ ಎಡವಿದ್ದೇವೆ. ಗೆಳೆಯರೊಬ್ಬರು ನುಡಿಸಿದ ಕಾರ್ಡಿನಲ್ಲಿ ತೆಳು ತಂತಿಯೂ ಇದೆಯೆಂದು ನಾವು ಪಂಥ ಕಟ್ಟಿದೆವು. ಅವರು ಅದನ್ನು ಮೀಟಿರಲೇ ಇಲ್ಲ. ಅಂದು ಸೋತ ಮೇಲೆ ಮಾಡಿ ನೋಡಿದ ಪ್ರಯೋಗವನ್ನೇ ಈ ಹುಡುಗರಿಗೂ ತೋರಿಸಿದೆವು. ಶ್ರುತಿಗೊಳಿಸಿದ ಗಿಟಾರಿನಲ್ಲಿ ‘ಎ’ ತಂತಿಯನ್ನು ಕುದುರೆಯ ಸಮೀಪದಲ್ಲಿ ಬಲವಾಗಿ ಮೀಟಿ, ಒಡನೆಯೇ ಅದನ್ನು ಬೆರಳಿನಿಂದ ಒತ್ತಿ ಸುಮ್ಮನಾಗಿಸಿರಿ. ಯಾರೂ ಮುಟ್ಟದ ತೆಳು ತಂತಿಯು ಸಣ್ಣಗೆ ಹಾಡುತ್ತಿರುವುದು ಕೇಳಿಸುತ್ತದೆ. ಅದನ್ನೂ ಮುಟ್ಟಿರಿ, ಆ ನಾದ ತಟ್ಟನೆ ಅಡಗುವುದು. ಈಗ ‘ಎ’ ತಂತಿಯನ್ನು ಮೊದಲನೆಯ ಮೆಟ್ಟಿಲಿನಲ್ಲಿ ಒತ್ತಿ ಮೀಟಿದರೆ ಮೂರನೆಯ ಉಪಸ್ವರ ಸುಮಾರು 350ಕ್ಕೆ ಏರಿಬಿಡುವುದರಿಂದ ತೆಳು ತಂತಿ ಕದಲುವುದಿಲ್ಲ. ಪ್ರಯೋಗಶಾಲೆಯಲ್ಲಿ ಸಾನೊಮೀಟರಿನ ತಂತಿಯ ಮೇಲಿಂದ ಕಾಗದದ ತುಣುಕು ಹಾರಿಬೀಳುವುದನ್ನು ಕಂಡವರಿಗೆ ಇದು ಹೊಸತಲ್ಲ, ಅದೇ ಅನುರಣನ.

ಐದನೆಯ ಉಪಸ್ವರದ ಕಥೆ ಇನ್ನೂ ಸ್ವಾರಸ್ಯವಾದುದು. 550 ಎಂಬುದು ‘ಸಿ ಶಾರ್ಪ್’ ಸ್ವರಕ್ಕೆ ಬಲು ಹತ್ತಿರ. ನಮ್ಮ ತಂಬೂರಿಯಲ್ಲಿ ಷಡ್ಜ ಪಂಚಮಗಳಿಗೆ ಮಾತ್ರ ತಂತಿ ಇದ್ದರೂ ಗಾಂಧಾರ ಕೇಳಿಬರುವುದಿಲ್ಲವೆ? ಅದೂ ಐದನೆಯ ಉಪಸ್ವರದ ಕೊಡುಗೆಯೇ. ರಾಕ್ ವಾದಕರು ಎಷ್ಟೋ ವೇಳೆ ‘ಎ’ ಮತ್ತು ‘ಇ’ ಎಂಬ ಎರಡೇ ಸ್ವರಗಳನ್ನು ಒತ್ತಿ ಮೀಟುವುದುಂಟು. ಕೇಳುವ ವಿದ್ಯಾರ್ಥಿಯು ತಾನಾಗಿ ಹುಟ್ಟಿದ ‘ಸಿ ಶಾರ್ಪ’ನ್ನು ನಂಬಿ ‘ಎ ಮೇಜರ್’ ಎಂದು ಬರೆದಿಡುತ್ತಾನೆ. ಇದಕ್ಕೆ ಒಂದು ಪರೀಕ್ಷೆಯಿದೆ. ಗಿಟಾರಿನ ಮೆಟ್ಟಿಲುಗಳು ಒಂದಕ್ಕಿಂತ ಮುಂದಿನದು 1.0595 ಪಟ್ಟು ಎಂಬ ಲೆಕ್ಕದಲ್ಲಿ ಕೂಡಿಸಿದವು; ಅಲ್ಲಿ ದೊರೆಯುವ ‘ಸಿ ಶಾರ್ಪ್’ 550 ಅಲ್ಲ, 554.4. ಎರಡೂ ಕೂಡಿ ನುಡಿದರೆ ನಾದವು ಸೆಕೆಂಡಿಗೆ ನಾಲ್ಕು ಸಲ ಏರಿ ಇಳಿಯುತ್ತದೆ. ಈ ಅಲುಗಾಟ ಕೇಳಿಸಿದರೆ ಆ ಸ್ವರವನ್ನು ನಿಜವಾಗಿ ಒತ್ತಿರುವರೆಂದು ಊಹಿಸಬಹುದು. ಮೊದಲ ದಿನವೇ ಇದು ಕೇಳಿಸದಿದ್ದರೆ ಎದೆಗುಂದಬೇಕಾಗಿಲ್ಲ. ನಮಗೆ ತಿಂಗಳುಗಳೇ ಹಿಡಿದವು.

ಇನ್ನು ಬೀಟಲ್ಸರ ಝೇಂಕಾರಕ್ಕೆ ಬರೋಣ. ಅದು ಲಂಡನ್ನಿನಲ್ಲಿ 1964ರ ಏಪ್ರಿಲ್ 16ರಂದು ಧ್ವನಿಮುದ್ರಿತವಾಯಿತು. ಜಾರ್ಜ್ ಹ್ಯಾರಿಸನ್ ನುಡಿಸಿದ್ದು ಹನ್ನೆರಡು ತಂತಿಗಳ ರಿಕನ್‌ಬ್ಯಾಕರ್ ಗಿಟಾರು. ಅದರಲ್ಲಿ ತಂತಿಗಳು ಜೋಡಿಜೋಡಿಯಾಗಿದ್ದು, ಕೆಳಶ್ರುತಿಯ ನಾಲ್ಕು ಜೋಡಿಗಳಲ್ಲಿ ಒಂದು ತಂತಿ ಇನ್ನೊಂದರ ಇಮ್ಮಡಿ ಆವೃತ್ತಿಯದು. ಕೆನಡಾದ ಡಲ್ಹೌಸಿ ವಿಶ್ವವಿದ್ಯಾನಿಲಯದ ಗಣಿತಜ್ಞ ಜೇಸನ್ ಬ್ರೌನ್ 2004ರಲ್ಲಿ ಈ ಮುದ್ರಣದ ಒಂದು ತುಣುಕನ್ನು ಫೂರಿಯೇ ವಿಶ್ಲೇಷಣೆಗೆ ಒಳಪಡಿಸಿದರು. ಸಹಸ್ರಾರು ಆವೃತ್ತಿಗಳು ಹೊರಬಿದ್ದವು. ಪ್ರಬಲವಾದವನ್ನು ಮಾತ್ರ ಆರಿಸಿಕೊಂಡು ನೋಡಲಾಗಿ 175ರ ಸಮೀಪದಲ್ಲಿ, ಎಂದರೆ ‘ಎಫ್’ ಸ್ವರದ ಬಳಿ, ಒಂದಕ್ಕೊಂದು ಅಂಟಿದಂತೆ ಮೂರು ಆವೃತ್ತಿಗಳಿದ್ದವು. ಹನ್ನೆರಡು ತಂತಿಯ ಗಿಟಾರಿನಲ್ಲಿ ಆ ‘ಎಫ್’ ನುಡಿದಿದ್ದರೆ ಅದರ ಇಮ್ಮಡಿಯೂ ತಕ್ಕಷ್ಟು ಇರಬೇಕಿತ್ತು, ಇರಲಿಲ್ಲ. ಒಂದೇ ಸ್ವರಕ್ಕೆ ಮೂರು ತಂತಿಗಳಿರುವ ವಾದ್ಯ ಯಾವುದು? ಪಿಯಾನೊ! ಧ್ವನಿಮುದ್ರಣದ ನಿರ್ಮಾಪಕರಾದ ಜಾರ್ಜ್ ಮಾರ್ಟಿನ್ ಅದನ್ನು ನುಡಿಸಿರಬೇಕೆಂದು ಬ್ರೌನ್ ತೀರ್ಮಾನಿಸಿದರು.

ಆದರೆ ಹ್ಯಾರಿಸನ್ ತಾವು ತೀರಿಕೊಂಡ ವರ್ಷವಾದ 2001ರಲ್ಲಿಯೇ, ತಮ್ಮ ಗಿಟಾರಿನಲ್ಲಿ ಒತ್ತಿದ್ದು ‘ಎಫ್’ ಕಾರ್ಡನ್ನು, ಮೇಲುಗಡೆ ‘ಜಿ’ ಸ್ವರವನ್ನು ಸೇರಿಸಿ, ಎಂದು ತಿಳಿಸಿದ್ದರು. ಬ್ರೌನರ ಲೆಕ್ಕ ಅವರ ಗಿಟಾರಿಗೆ ‘ಎಫ್’ ಸ್ವರವನ್ನೇ ಕೊಡುವುದಿಲ್ಲ. ಯಾರನ್ನು ನಂಬುವುದು? ಗಣಿತವು ಆವೃತ್ತಿಗಳನ್ನು ಬಿಡಿಸಿಕೊಟ್ಟಿತೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಯಾವ ಆವೃತ್ತಿ ಯಾರ ಕೈಯಿಂದ ಬಂತೆಂಬುದು ಮಾತ್ರ ಅನುಮಾನಪ್ರಮಾಣ. ಪಿಯಾನೊ ಇತ್ತೆಂಬುದನ್ನು ನಾವು ಒಪ್ಪುತ್ತೇವೆ. ಗಿಟಾರಿನ ವಿಷಯದಲ್ಲಿ ನುಡಿಸಿದವರ ಮಾತಿಗೇ ಹೆಚ್ಚು ಬೆಲೆ ಕೊಡುತ್ತೇವೆ.

ಹುಡುಗರ ವಾದ? ಪಾಲ್ ಮೆಕಾರ್ಟ್ನಿಯವರ ಬಾಸ್ ಗಿಟಾರು ತಳದಲ್ಲಿ ನುಡಿಯುವುದು ‘ಡಿ’. ಮೇಲಿನ ಗಿಟಾರುಗಳನ್ನು ಆಲಿಸಿದವನಿಗೆ ‘ಎಫ್’ ಕೇಳಿತ್ತು, ತಳವನ್ನು ಹಿಡಿದವನಿಗೆ ‘ಡಿ ಮೈನರ್’. ಒಬ್ಬನಿಗೆ ‘ಎಫ್’ ಕಾರ್ಡನ್ನು ‘ಜಿ’ ಸಹಿತ ಒತ್ತಿ ಹಿಡಿಯಲು ಹೇಳಿ, ಪಕ್ಕದ ಕೋಣೆಯಿಂದ ತಂದ ಗಿಟಾರಿನ ನಾಲ್ಕನೆಯ ತಂತಿಯನ್ನು ಮತ್ತೊಬ್ಬನಿಂದ ಬಿಡುವಾಗಿ ಮೀಟಿಸಿದೆವು, ಅದು ‘ಡಿ’. ಎರಡೂ ಒಟ್ಟಿಗೆ ಮೊಳಗಿದಾಗ ಇಬ್ಬರೂ ತಲೆಯೆತ್ತಿ ಒಬ್ಬರನ್ನೊಬ್ಬರು ನೋಡಿದರು. ಮುದ್ರಣದಷ್ಟು ತುಂಬು ನಾದವೇನೂ ಅಲ್ಲ. ವಿದ್ಯಾರ್ಥಿನಿಲಯದಲ್ಲಿ ಪಿಯಾನೊ ಇರಲಿಲ್ಲ.