ಪಾಲುದಾರರ ಖಾತೆ ಶಿಲ್ಕು: ಸ್ಪ್ರೆಡ್‌ಶೀಟ್ ಸೂತ್ರಗಳ ಬಳಕೆ

ಮಳವಳ್ಳಿ ತಾಲ್ಲೂಕಿನ ಬಂಡೂರು ಗ್ರಾಮವು ತನ್ನ ಹೆಸರಿನ ಕುರಿ ತಳಿಯಿಂದ ಪ್ರಸಿದ್ಧವಾಗಿದೆ. ಕುರಿಯ ವ್ಯಾಪಾರವಿರಲಿ, ಬೆಲ್ಲ ಅಥವಾ ಎಳನೀರಿನ ವ್ಯಾಪಾರವಿರಲಿ, ಇಬ್ಬರು ಮೂವರು ಹಣ ಕೂಡಿಸಿ ನಡೆಸುವಾಗ ಒಂದು ತೊಡಕು ಸಾಮಾನ್ಯ. ಬ್ಯಾಂಕ್ ಪಾಸ್‌ಪುಸ್ತಕವು ಒಟ್ಟು ಶಿಲ್ಕನ್ನು ತೋರಿಸುತ್ತದೆ; ಅದರಲ್ಲಿ ಯಾರ ಪಾಲು ಎಷ್ಟೆಂಬುದನ್ನು ತೋರಿಸುವುದಿಲ್ಲ.

1932ರ ಭಾರತೀಯ ಪಾಲುದಾರಿಕೆ ಕಾಯಿದೆಯ 9ನೇ ಕಲಮಿನಂತೆ ಪಾಲುದಾರರು ಪರಸ್ಪರ ನಿಜವಾದ ಲೆಕ್ಕ ಒಪ್ಪಿಸಬೇಕು. 12ನೇ ಕಲಮು ಪ್ರತಿಯೊಬ್ಬ ಪಾಲುದಾರನಿಗೂ ಲೆಕ್ಕಪುಸ್ತಕ ಪರಿಶೀಲಿಸುವ ಹಕ್ಕನ್ನು ನೀಡಿದೆ. ಬೇರೆ ಕರಾರಿಲ್ಲದಿದ್ದರೆ, 13ನೇ ಕಲಮಿನ ಪ್ರಕಾರ, ಬಂಡವಾಳ ಹೆಚ್ಚುಕಡಿಮೆ ಇದ್ದರೂ ಲಾಭನಷ್ಟಗಳು ಸಮಪಾಲು. ಒಪ್ಪಿದ ಬಂಡವಾಳಕ್ಕಿಂತ ಹೆಚ್ಚಾಗಿ ನೀಡಿದ ಮುಂಗಡಕ್ಕೆ ಶೇ. 6ರ ವಾರ್ಷಿಕ ಬಡ್ಡಿ ಸಲ್ಲುತ್ತದೆ.

ಈ ಲೆಕ್ಕವನ್ನು ಎಕ್ಸೆಲ್ ಅಥವಾ ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ಕ್ಯಾಲ್ಕ್‌ನ ಒಂದೇ ಹಾಳೆಯಲ್ಲಿ ಇಡಬಹುದು. ಎ ಇಂದ ಇ ವರೆಗಿನ ಅಂಕಣಗಳಿಗೆ ಕ್ರಮವಾಗಿ ದಿನಾಂಕ, ವಿವರ, ಖಾತೆ, ಜಮೆ, ಖರ್ಚು ಎಂದು ಶೀರ್ಷಿಕೆ ಕೊಡಬೇಕು. ನಿಯಮ ಹಳೆಯದೇ: ಕೊಟ್ಟ ಖಾತೆಗೆ ಜಮೆ, ಪಡೆದ ಖಾತೆಗೆ ಖರ್ಚು. ಪ್ರತಿ ವ್ಯವಹಾರಕ್ಕೂ ಎರಡು ಸಾಲು.

ಜಿ2ರಿಂದ ಜಿ6ರವರೆಗೆ ರಾಮ, ಭೀಮ, ಸೋಮ, ಬ್ಯಾಂಕ್, ವ್ಯಾಪಾರ ಎಂಬ ಖಾತೆಗಳಿವೆಯೆಂದು ಭಾವಿಸೋಣ. ಎಚ್2 ಕೋಶದಲ್ಲಿ ಈ ಸೂತ್ರ ಬರೆಯಬೇಕು (ಗಣಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು):

=ಸಮ್‌ಇಫ್(ಸಿ$2:ಸಿ$500,ಜಿ2,ಡಿ$2:ಡಿ$500)-ಸಮ್‌ಇಫ್(ಸಿ$2:ಸಿ$500,ಜಿ2,ಇ$2:ಇ$500)

ಆ ಹೆಸರಿನ ಜಮೆಗಳ ಮೊತ್ತದಿಂದ ಖರ್ಚುಗಳ ಮೊತ್ತವನ್ನು ಸೂತ್ರವೇ ಕಳೆಯುತ್ತದೆ. ಡಾಲರ್ ಚಿಹ್ನೆಯಿರುವುದರಿಂದ ಎಚ್6ರವರೆಗೆ ನಕಲು ಮಾಡಿದರೂ ವ್ಯಾಪ್ತಿ ಜಾರುವುದಿಲ್ಲ. ಐ2ರಲ್ಲಿ =ಎಚ್2+ಎಚ್$6/3 ಎಂದು ಬರೆದು ಐ4ರವರೆಗೆ ನಕಲು ಮಾಡಿದರೆ, ಲಾಭದ ಮೂರನೆಯ ಒಂದು ಪಾಲು ಸೇರಿ ಪ್ರತಿಯೊಬ್ಬರಿಗೆ ಸಲ್ಲಬೇಕಾದ ಮೊತ್ತ ದೊರೆಯುತ್ತದೆ. ಶಿಲ್ಕನ್ನು ಎಂದಿಗೂ ಕೈಯಿಂದ ಬರೆಯಬಾರದು.

ಉದಾಹರಣೆಗೆ, ರಾಮನು ರೂ. 90,000, ಭೀಮನು ರೂ. 60,000 ಬ್ಯಾಂಕಿಗೆ ಕಟ್ಟಿದರು. ಅಷ್ಟೂ ಹಣಕ್ಕೆ ಕುರಿಗಳನ್ನು ಕೊಳ್ಳಲಾಯಿತು. ಮೇವು ಮತ್ತು ಲಾರಿ ಬಾಡಿಗೆಯ ರೂ. 30,000ವನ್ನು ಸೋಮನು ತನ್ನ ಜೇಬಿನಿಂದ ಕೊಟ್ಟನು. ಎಲ್ಲ ಕುರಿಗಳೂ ರೂ. 2,40,000ಕ್ಕೆ ಮಾರಾಟವಾಗಿ ಹಣ ಬ್ಯಾಂಕಿಗೆ ಬಂದಿತು, ರಾಮನು ರೂ. 25,000 ಪಡೆದನು. ಲಾಭ ರೂ. 60,000. ಆಗ ಐ ಅಂಕಣವು ರಾಮನಿಗೆ ರೂ. 85,000, ಭೀಮನಿಗೆ ರೂ. 80,000, ಸೋಮನಿಗೆ ರೂ. 50,000 ತೋರಿಸುತ್ತದೆ. ಒಟ್ಟು ರೂ. 2,15,000; ಬ್ಯಾಂಕಿನಲ್ಲಿರುವುದೂ ಅಷ್ಟೇ. ಕುರಿಗಳು ಮಾರಾಟವಾಗದೆ ಉಳಿದಿದ್ದರೆ ಅವುಗಳ ಬೆಲೆ ಕಟ್ಟಿದ ಮೇಲಷ್ಟೇ ಲಾಭ ನಿರ್ಧರಿಸಬೇಕು.

ಎಚ್ ಅಂಕಣದ ಒಟ್ಟು ಮೊತ್ತ ಸದಾ ಸೊನ್ನೆಯಾಗಿರಬೇಕು. 'ಸೋಮ' ಎಂಬುದನ್ನು ಒಮ್ಮೆ 'ಸೋಮಣ್ಣ' ಎಂದು ಬರೆದರೆ ಸೂತ್ರ ಆ ಸಾಲನ್ನು ಬಿಟ್ಟುಬಿಡುತ್ತದೆ, ತಾಳೆ ತಪ್ಪುತ್ತದೆ. ಡೇಟಾ ವ್ಯಾಲಿಡೇಷನ್ ಮೂಲಕ ಹೆಸರುಗಳ ಪಟ್ಟಿ ಅಳವಡಿಸಿದರೆ ಈ ದೋಷ ತಪ್ಪುತ್ತದೆ.

ಆದರೆ ಒಂದು ದೋಷವನ್ನು ಯಾವ ಸೂತ್ರವೂ ಹಿಡಿಯಲಾರದು. ಸೋಮನ ರೂ. 30,000ದ ಎರಡೂ ಸಾಲುಗಳು ಬಿಟ್ಟುಹೋದವೆಂದು ಭಾವಿಸೋಣ. ಲಾಭ ರೂ. 90,000 ಎಂದು ಕಾಣುತ್ತದೆ. ರಾಮನಿಗೆ ರೂ. 95,000, ಭೀಮನಿಗೆ ರೂ. 90,000, ಸೋಮನಿಗೆ ಕೇವಲ ರೂ. 30,000. ಒಟ್ಟು ಮತ್ತೆ ರೂ. 2,15,000! ಬ್ಯಾಂಕಿಗೂ ತಾಳೆಯಾಗುತ್ತದೆ, ಸೊನ್ನೆಯೂ ಬರುತ್ತದೆ. ಸೋಮನು ಮಾತ್ರ ರೂ. 20,000 ಕಳೆದುಕೊಂಡಿರುತ್ತಾನೆ.

ಆದುದರಿಂದ ಜೇಬಿನಿಂದ ಮಾಡಿದ ಖರ್ಚಿಗೆ ಅಂದೇ ರಸೀದಿ ಪಡೆದು, ಅಂದೇ ನಮೂದಿಸಬೇಕು. ಅದು ಬಂಡವಾಳವೋ ಮುಂಗಡವೋ ಎಂಬುದನ್ನು ಕರಾರುಪತ್ರದಲ್ಲಿ ಮೊದಲೇ ಸ್ಪಷ್ಟಪಡಿಸಬೇಕು. ತಿಂಗಳಿಗೊಮ್ಮೆ ಹಾಳೆಯನ್ನು ಮುದ್ರಿಸಿ ಎಲ್ಲ ಪಾಲುದಾರರೂ ಸಾಲುಸಾಲಾಗಿ ಓದಿ ಸಹಿ ಹಾಕುವುದು ಒಳಿತು. ಕೂಡಿಸಿ ಕಳೆಯುವ ಕೆಲಸವನ್ನು ಗಣಕಕ್ಕೆ ಬಿಡಬಹುದು. ಬಿಟ್ಟುಹೋದುದನ್ನು ನೆನಪಿಸುವ ಕೆಲಸ ಪಾಲುದಾರರದೇ.